ಮಳೆಗಾಲದ ರಾತ್ರಿಗಳಲ್ಲಿ ಕಾರಣವಿಲ್ಲದೆ ಕೂಗುವ ಮನೆಯ ಅಲಾರಂ: ದೋಷವನ್ನು ಪತ್ತೆ ಮಾಡುವುದು ಹೇಗೆ?

ಪ್ರಶ್ನೆ: ಕುಮಟಾ ಕಡೆಯವನು

ಮಾನ್ಯರೇ, ನಮ್ಮ ಮನೆ ಕುಮಟಾ ತಾಲೂಕಿನಲ್ಲಿ, ಸಮುದ್ರದಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ, ಅಘನಾಶಿನಿ ನದಿಯ ಗಜನಿ (ಉಪ್ಪುನೀರು ನುಗ್ಗುವ) ಗದ್ದೆಗಳಿಗೆ ಹತ್ತಿರದಲ್ಲಿದೆ. ಚಿರೇಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು, ಹಲಸಿನ ಮರದ ಬಾಗಿಲುಗಳಿರುವ ಹಳೆಯ ಮನೆ ಅದು. ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಊರಿನಲ್ಲಿ ಅಪ್ಪಯ್ಯ ಮತ್ತು ಆಯಿ ಇಬ್ಬರೇ ಇರುತ್ತಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ನಾಲ್ಕು ವರ್ಷಗಳ ಹಿಂದೆ ಅವರ ಧೈರ್ಯಕ್ಕೆಂದು ನಾನೇ ಒತ್ತಾಯಿಸಿ ಕಳ್ಳರ ಅಲಾರಂ ಹಾಕಿಸಿದ್ದೆ. ಎಂಟು ಝೋನ್‌ಗಳ (ಒಂದೊಂದು ಸೆನ್ಸರ್‌ನ ಸಾಲಿಗೆ ಒಂದೊಂದು ಝೋನ್) ತಂತಿಯ ಪ್ಯಾನಲ್, ಮೂರು ಬಾಗಿಲುಗಳಿಗೆ ಮ್ಯಾಗ್ನೆಟಿಕ್ ಸೆನ್ಸರ್, ಜಗುಲಿ, ಅಟ್ಟ ಹಾಗೂ ನಡುಮನೆಯಲ್ಲಿ ಒಂದೊಂದು ಮೋಷನ್ ಸೆನ್ಸರ್, ಹೊರಗೋಡೆಯ ಮೇಲೆ ಸೈರನ್, ಮತ್ತು ನನ್ನ ಮೊಬೈಲಿಗೆ ಕರೆ ಮಾಡುವ ಸಿಮ್ ಇರುವ ಡಯಲರ್ ಇಷ್ಟು ಅದರಲ್ಲಿದೆ.

ಮೂರು ವರ್ಷ ಯಾವ ತೊಂದರೆಯೂ ಇರಲಿಲ್ಲ. ಈ ವರ್ಷ ಆರಿದ್ರಾ ಮಳೆ ಹಿಡಿದಂದಿನಿಂದ ವಾರಕ್ಕೆ ಮೂರು ನಾಲ್ಕು ಸಲ, ಹೆಚ್ಚಾಗಿ ರಾತ್ರಿ ಎರಡರಿಂದ ನಾಲ್ಕು ಗಂಟೆಯ ನಡುವೆ, ಸೈರನ್ ಕೂಗುತ್ತಿದೆ. ಮೊದಲ ಎರಡು ರಾತ್ರಿ ನೆರೆಮನೆಯವರು ಟಾರ್ಚ್ ಹಿಡಿದು ಮಳೆಯಲ್ಲೇ ಓಡಿ ಬಂದರು. ಈಗ ಯಾರೂ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಕೀಪ್ಯಾಡ್‌ನಲ್ಲಿ ಹಳದಿ ದೀಪವೊಂದು ಸದಾ ಉರಿಯುತ್ತಿರುತ್ತದೆ ಮತ್ತು ಆಗಾಗ ಬೀಪ್ ಸದ್ದು ಬರುತ್ತದೆ ಎಂದು ಆಯಿ ಹೇಳುತ್ತಾರೆ. ಅಳವಡಿಸಿಕೊಟ್ಟವರು ಈಗ ಈ ಕೆಲಸವನ್ನು ಬಿಟ್ಟಿದ್ದಾರೆ. ಬೇರೊಬ್ಬರನ್ನು ಕರೆಸಿದಾಗ ಅವರು ಐದು ನಿಮಿಷ ನೋಡಿ, ಎಲ್ಲವನ್ನೂ ತೆಗೆದು ಹೊಸದು ಹಾಕಬೇಕು ಎಂದರು. ಅಪ್ಪಯ್ಯ ಕಳೆದ ವಾರ ಬೇಸತ್ತು ಅದನ್ನು ಆರ್ಮ್ ಮಾಡುವುದನ್ನೇ, ಅಂದರೆ ಕಾವಲಿಗೆ ಹಚ್ಚುವುದನ್ನೇ, ನಿಲ್ಲಿಸಿದ್ದಾರೆ.

ಮುಂದಿನ ವಾರ ನಾನು ನಾಲ್ಕು ದಿನ ಊರಿನಲ್ಲಿರುತ್ತೇನೆ. ಮಲ್ಟಿಮೀಟರ್ ಬಳಸುವಷ್ಟು ತಿಳಿವಳಿಕೆ ನನಗಿದೆ. ಎಲ್ಲಿಂದ ಪರೀಕ್ಷೆ ಆರಂಭಿಸಬೇಕು, ಯಾವುದನ್ನು ನಾನೇ ಸರಿಪಡಿಸಬಹುದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಶಿರಸಿಯ ತಂತ್ರಜ್ಞ

ನಮಸ್ಕಾರ. ಶಿರಸಿ, ಸಿದ್ದಾಪುರ ಮತ್ತು ಘಟ್ಟದ ಕೆಳಗಿನ ಊರುಗಳಲ್ಲಿ ಇದೇ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲನೆಯದಾಗಿ, ಎಲ್ಲವನ್ನೂ ತೆಗೆದು ಹೊಸದು ಹಾಕುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೂರು ವರ್ಷ ಸುಳ್ಳು ಕೂಗದ ವ್ಯವಸ್ಥೆ ನಾಲ್ಕನೆಯ ಮಳೆಗಾಲದಲ್ಲಿ ಕೂಗಲು ಆರಂಭಿಸಿದರೆ, ಹಳತಾಗಿ ಸವೆದ ಒಂದೆರಡು ಭಾಗಗಳು ಅದರಲ್ಲಿವೆ ಎಂದಷ್ಟೇ ಅರ್ಥ.

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಪ್ಯಾನಲ್‌ನ ದಾಖಲೆಯನ್ನು ಓದಿ. ನಿಮ್ಮ ಬಗೆಯ ಹೆಚ್ಚಿನ ಪ್ಯಾನಲ್‌ಗಳು ಕಳೆದ ನೂರಾರು ಘಟನೆಗಳನ್ನು ದಿನಾಂಕ ಮತ್ತು ಸಮಯದೊಂದಿಗೆ ನೆನಪಿನಲ್ಲಿಟ್ಟಿರುತ್ತವೆ. ಕೀಪ್ಯಾಡ್‌ನ ಮೆನುವಿನಲ್ಲಿ ಇವೆಂಟ್ ಲಾಗ್ ಅಥವಾ ಅಲಾರಂ ಮೆಮೊರಿ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಪ್ರತಿ ಸಲ ಸೈರನ್ ಕೂಗಿದಾಗ ಯಾವ ಝೋನ್ ಕಾರಣ, ಅದಕ್ಕೆ ಎಷ್ಟು ಹೊತ್ತು ಮೊದಲು ಕರೆಂಟು ಹೋಗಿತ್ತು, ಬ್ಯಾಟರಿ ಕಡಿಮೆಯಾದ ಸೂಚನೆ ಬಂದಿತ್ತೇ ಎಂಬುದನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದುಕೊಳ್ಳಿ. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚಿನ ದೋಷಗಳು ಈ ಕಾಗದದ ಮೇಲೆಯೇ ಪತ್ತೆಯಾಗುತ್ತವೆ. ಈ ಕೆಲಸವನ್ನು ಬಿಟ್ಟು ನೇರವಾಗಿ ಸೆನ್ಸರ್ ಬದಲಿಸಲು ಹೊರಡುವವರು ಗ್ರಾಹಕರ ಹಣವನ್ನು ವ್ಯರ್ಥ ಮಾಡುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಳದಿ ದೀಪ ಮತ್ತು ಬೀಪ್ ಸದ್ದು ಟ್ರಬಲ್ ಸೂಚನೆ. ಅದು ಕಳ್ಳನ ಸೂಚನೆಯಲ್ಲ. ವ್ಯವಸ್ಥೆ ತನ್ನದೇ ಅನಾರೋಗ್ಯವನ್ನು ಹೇಳಿಕೊಳ್ಳುವ ರೀತಿ. ನಾಲ್ಕು ವರ್ಷದ ಹಳೆಯ ಪ್ಯಾನಲ್‌ನಲ್ಲಿ ಅದಕ್ಕೆ ಸಾಮಾನ್ಯ ಕಾರಣ ಬ್ಯಾಟರಿ. ಪೆಟ್ಟಿಗೆಯೊಳಗೆ 12 ವೋಲ್ಟ್, 7 ಆಂಪಿಯರ್-ಅವರ್ (ಎಎಚ್) ಸಾಮರ್ಥ್ಯದ ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಇದರ ಆಯುಷ್ಯ ಸಾಮಾನ್ಯವಾಗಿ 3ರಿಂದ 5 ವರ್ಷ. ಸುತ್ತಲಿನ ಉಷ್ಣತೆ ಪ್ರತಿ 10 ಡಿಗ್ರಿ ಹೆಚ್ಚಾದಂತೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬ ಲೆಕ್ಕವಿರುವುದರಿಂದ, ಕರಾವಳಿಯ ಸೆಕೆಯಲ್ಲಿ ಮೂರು ವರ್ಷವನ್ನೇ ಮಿತಿ ಎಂದು ತಿಳಿಯುವುದು ಒಳಿತು.

ಈಗ ನಿಮ್ಮ ಎರಡು ದೂರುಗಳು ಒಂದಕ್ಕೊಂದು ಹೇಗೆ ಸೇರುತ್ತವೆ ಎಂಬುದನ್ನು ಗಮನಿಸಿ. ಮೋಷನ್ ಸೆನ್ಸರ್‌ನೊಳಗೆ ಚಿಕ್ಕ ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್, ಇರುತ್ತದೆ. ವಿದ್ಯುತ್ ಸರಿಯಾಗಿ ದೊರೆಯುತ್ತಿರುವಷ್ಟು ಕಾಲ ಆ ರಿಲೇ ತನ್ನ ಸಂಪರ್ಕವನ್ನು ಮುಚ್ಚಿ ಹಿಡಿದಿರುತ್ತದೆ. ಚಲನೆ ಕಂಡಾಗ ಬಿಡುತ್ತದೆ. ಕಳ್ಳನು ತಂತಿ ಕತ್ತರಿಸಿದರೂ ಅಲಾರಂ ಆಗಲಿ ಎಂಬ ಉದ್ದೇಶದಿಂದಲೇ ಅದನ್ನು ಹೀಗೆ ಮಾಡಲಾಗಿದೆ. ಆದರೆ ಇದೇ ಕಾರಣಕ್ಕೆ, ಕರೆಂಟು ಹೋಗಿ ಬ್ಯಾಟರಿಯೂ ಬಸವಳಿದು ವೋಲ್ಟೇಜ್ ಸುಮಾರು 9 ವೋಲ್ಟ್‌ಗಿಂತ ಕೆಳಗೆ ಇಳಿದಾಗ, ಯಾರೂ ಸುಳಿಯದಿದ್ದರೂ ರಿಲೇ ಬಿಟ್ಟುಬಿಡುತ್ತದೆ ಮತ್ತು ಪ್ಯಾನಲ್ ಅದನ್ನು ಕಳ್ಳನೆಂದೇ ತಿಳಿಯುತ್ತದೆ. ಪ್ಯಾನಲ್, ಕೀಪ್ಯಾಡ್, ಡಯಲರ್, ಮೂರು ಸೆನ್ಸರ್‌ಗಳು ಸೇರಿ ಸುಮಾರು 300 ಮಿಲಿ ಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಂಡರೆ, ಹೊಸ 7 ಎಎಚ್ ಬ್ಯಾಟರಿ ಲೆಕ್ಕದ ಪ್ರಕಾರ 20 ಗಂಟೆ ದಾಟಿಸುತ್ತದೆ. ಅದರ ಸಾಮರ್ಥ್ಯ ಕಾಲು ಭಾಗಕ್ಕೆ ಇಳಿದಿದ್ದರೆ ಸುಮಾರು ಐದು ಗಂಟೆಗಳಲ್ಲೇ ಮುಗಿಯಿತು. ಮಳೆಗಾಲದಲ್ಲಿ ರಾತ್ರಿ ಹತ್ತರ ಸುಮಾರಿಗೆ ಮರ ಬಿದ್ದು ಕರೆಂಟು ಹೋದರೆ, ಅಲಾರಂ ಕೂಗುವ ಹೊತ್ತು ಮೂರು ಗಂಟೆಯೇ ಆಗುತ್ತದೆ. ಇಂಥ ಪ್ರಕರಣದ ಗುರುತು ಲಾಗ್‌ನಲ್ಲಿ ಸ್ಪಷ್ಟವಾಗಿರುತ್ತದೆ: ಎರಡು ಮೋಷನ್ ಝೋನ್‌ಗಳು ಒಂದೇ ನಿಮಿಷದಲ್ಲಿ ಅಲಾರಂ ಕೊಟ್ಟಿರುತ್ತವೆ. ಜಗುಲಿಯಲ್ಲೂ ಅಟ್ಟದಲ್ಲೂ ಒಬ್ಬನೇ ಕಳ್ಳ ಏಕಕಾಲಕ್ಕೆ ಇರಲಾರ.

ಬ್ಯಾಟರಿಯನ್ನು ಪರೀಕ್ಷಿಸುವ ರೀತಿ ಹೀಗೆ. ಪೆಟ್ಟಿಗೆಯನ್ನು ತೆರೆಯುವ ಮೊದಲು ಕೋಡ್ ಒತ್ತಿ ಡಿಸಾರ್ಮ್ ಮಾಡಿ. ಆದರೂ ಮುಚ್ಚಳ ತೆರೆದರೆ ಎಚ್ಚರಿಸುವ ಟ್ಯಾಂಪರ್ ಸ್ವಿಚ್‌ನಿಂದ ಸೈರನ್ ಕೂಗಬಹುದು, ಆದ್ದರಿಂದ ಮನೆಯವರಿಗೂ ನೆರೆಯವರಿಗೂ ಮೊದಲೇ ಹೇಳಿರಿ. ಒಳಗೆ ಟ್ರಾನ್ಸ್‌ಫಾರ್ಮರ್‌ಗೆ 230 ವೋಲ್ಟ್ ಬರುವ ಜಾಗವೊಂದಿದೆ, ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಕರೆಂಟು ಇರುವಾಗ ಬ್ಯಾಟರಿಯ ತುದಿಗಳಲ್ಲಿ 13.5ರಿಂದ 13.8 ವೋಲ್ಟ್ ಕಾಣಬೇಕು. ಕಂಡರೆ ಚಾರ್ಜ್ ಮಾಡುವ ಭಾಗ ಸರಿಯಿದೆ ಎಂದರ್ಥ. ಆ ಬಳಿಕ ಪ್ಯಾನಲ್‌ಗೆ ಕರೆಂಟು ಕೊಡುವ ಎಂಸಿಬಿ ಸ್ವಿಚ್ ಕೆಳಗಿಳಿಸಿ, ಬ್ಯಾಟರಿಯ ಮೇಲೆಯೇ ವ್ಯವಸ್ಥೆ ನಡೆಯಲು ಬಿಟ್ಟು, ಹತ್ತು ನಿಮಿಷಕ್ಕೊಮ್ಮೆ ಅಳೆಯಿರಿ. ಒಳ್ಳೆಯ ಬ್ಯಾಟರಿ ಒಂದು ಗಂಟೆಯ ಬಳಿಕವೂ 12 ವೋಲ್ಟ್‌ಗಿಂತ ಮೇಲೆ ನಿಲ್ಲುತ್ತದೆ. ಅರ್ಧ ಗಂಟೆಯಲ್ಲೇ 11.5ಕ್ಕಿಂತ ಕೆಳಗೆ ಜಾರಿದರೆ ಬದಲಿಸಿ. ಕರೆಂಟು ಇರುವಾಗಿನ ಅಳತೆಯನ್ನು ಮಾತ್ರ ನೋಡಿ ಬ್ಯಾಟರಿ ಚೆನ್ನಾಗಿದೆ ಎಂದುಕೊಳ್ಳಬೇಡಿ. ಅದು ಚಾರ್ಜರ್‌ನ ವೋಲ್ಟೇಜ್.

ಬಾಗಿಲಿನ ಸೆನ್ಸರ್‌ಗಳ ವಿಷಯ ನಿಮ್ಮ ಲಾಗ್ ನೋಡಿದ ಮೇಲೆ ಹೇಳುತ್ತೇನೆ. ಆದರೆ ಹಲಸಿನ ಬಾಗಿಲು ಎಂದಿರಿ; ಮಳೆಗಾಲದಲ್ಲಿ ಅದು ಎಷ್ಟು ಹಿಗ್ಗುತ್ತದೆ ಎಂಬುದು ನಮ್ಮ ಜಿಲ್ಲೆಯವರಿಗೆ ತಿಳಿದೇ ಇದೆ.

ಉತ್ತರ: ಕಾರವಾರ ನಿವಾಸಿ

ಮೇಲಿನವರು ವಿದ್ಯುತ್ತಿನ ಕಡೆಯಿಂದ ಹೇಳಿದ್ದಾರೆ. ನಾನು ತಂತ್ರಜ್ಞನಲ್ಲ, ನಿವೃತ್ತ ನೌಕರ. ಆದರೆ ಕಾರವಾರದ ಕೋಡಿಬಾಗದಲ್ಲಿ ಸಮುದ್ರಕ್ಕೂ ಕಾಳಿ ನದಿಗೂ ಹತ್ತಿರದ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಇಂಥ ಅಲಾರಂ ಬಳಸುತ್ತಿರುವುದರಿಂದ, ಉಪ್ಪುಗಾಳಿ ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ನನ್ನ ಮನೆಯಲ್ಲಿ ಎರಡನೆಯ ಮಳೆಗಾಲಕ್ಕೇ ಸುಳ್ಳು ಅಲಾರಂ ಆರಂಭವಾಯಿತು. ಹೊರಗಿನ ಸೈರನ್ ಡಬ್ಬಿಯ ಟ್ಯಾಂಪರ್ ಸ್ವಿಚ್ ತುಕ್ಕು ಹಿಡಿದು, ಗಾಳಿ ಬೀಸಿದಾಗ ಅದರ ಚಿಕ್ಕ ಸ್ಪ್ರಿಂಗ್ ಸರಿಯಾಗಿ ಒತ್ತದೆ, ಯಾರೋ ಡಬ್ಬಿ ಬಿಚ್ಚುತ್ತಿದ್ದಾರೆ ಎಂಬ ಸಂಕೇತ ಹೋಗುತ್ತಿತ್ತು. ಟ್ಯಾಂಪರ್ ಝೋನ್ ದಿನದ 24 ಗಂಟೆಯೂ ಎಚ್ಚರದಲ್ಲಿರುವುದರಿಂದ, ಆರ್ಮ್ ಮಾಡದಿದ್ದಾಗಲೂ ಅದು ಕೂಗುತ್ತದೆ. ಹಗಲು ಹೊತ್ತಿನಲ್ಲಿ ಅಲಾರಂ ಆಗಿದ್ದರೆ ಮೊದಲು ಇದನ್ನು ಶಂಕಿಸಿ.

ಇನ್ನೊಂದು ಮುಖ್ಯ ಸಂಗತಿ ತಂತಿಯ ಜೋಡಣೆಗಳದ್ದು. ತಂತಿ ಸಾಲದಾದಾಗ ನಡುವೆ ಹೊಸೆದು, ಕಪ್ಪು ಟೇಪ್ ಸುತ್ತಿ, ಮಾಡಿನ ಪಕಾಸಿನ ಮೇಲೆ ಸಿಕ್ಕಿಸಿ ಹೋಗುವುದು ರೂಢಿ. ತೇವ ಮತ್ತು ಉಪ್ಪು ಸೇರಿದ ಗಾಳಿಯಲ್ಲಿ ಆ ಟೇಪ್‌ನ ಅಂಟು ಕರಗಿ, ಒಳಗಿನ ತಾಮ್ರ ಹಸಿರು ಬಣ್ಣಕ್ಕೆ ತಿರುಗುತ್ತದೆ. ನನ್ನ ಮನೆಯಲ್ಲಿ ಇಂಥ ಏಳು ಜೋಡಣೆಗಳು ಸಿಕ್ಕವು. ಎಲ್ಲವನ್ನೂ ಕತ್ತರಿಸಿ, ಹೊಳೆಯುವ ತಾಮ್ರ ಕಾಣುವವರೆಗೆ ಹಿಂದಕ್ಕೆ ಸುಲಿದು, ಬೆಸುಗೆ ಹಾಕಿಸಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿದ ಮೇಲೆ ಆರು ಮಳೆಗಾಲ ಕಳೆದರೂ ತೊಂದರೆ ಬಂದಿಲ್ಲ. ಟರ್ಮಿನಲ್ ಸ್ಕ್ರೂಗಳ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ತಂತಿ ಹೊರಗಿನಿಂದ ಡಬ್ಬಿಯೊಳಗೆ ಹೋಗುವಲ್ಲಿ ಅದು ಕೆಳಮುಖವಾಗಿ ಬಳುಕಿ ಮೇಲೇರುವಂತೆ ಮಾಡಿದರೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ನಾನು ಜಗುಲಿಯ ಮೋಷನ್ ಸೆನ್ಸರ್‌ನ ಸೂಕ್ಷ್ಮತೆಯನ್ನು ಕಡಿಮೆ ಮಾಡಿಸಿದ್ದೇನೆ. ಅದರಿಂದಲೂ ಅನುಕೂಲವಾಗಿದೆ, ನೀವೂ ಪ್ರಯತ್ನಿಸಬಹುದು.

ಉತ್ತರ: ಶಿರಸಿಯ ತಂತ್ರಜ್ಞ

ಜೋಡಣೆಗಳ ಬಗ್ಗೆ ಕಾರವಾರದವರು ಹೇಳಿದ ಪ್ರತಿ ಮಾತೂ ಸರಿಯಾಗಿದೆ, ಆದರೆ ಸೂಕ್ಷ್ಮತೆ ತಗ್ಗಿಸುವ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. ಮೋಷನ್ ಸೆನ್ಸರ್ ಮನುಷ್ಯನ ಮೈಯಿಂದ ಹೊರಡುವ ಅವಕೆಂಪು ಕಿರಣವನ್ನು ಹಿನ್ನೆಲೆಯ ಗೋಡೆ ಮತ್ತು ನೆಲದ ಶಾಖದೊಂದಿಗೆ ಹೋಲಿಸಿ, ಆ ವ್ಯತ್ಯಾಸ ಒಂದು ಕಡೆಯಿಂದ ಇನ್ನೊಂದು ಕಡೆಗೆ ಚಲಿಸಿದಾಗ ಮಾತ್ರ ಗುರುತಿಸುತ್ತದೆ. ಮೇ ತಿಂಗಳಲ್ಲಿ ಜಗುಲಿಯ ಉಷ್ಣತೆಯೇ 34, 35 ಡಿಗ್ರಿ ತಲುಪಿದಾಗ, ಮೈಯ ಶಾಖಕ್ಕೂ ಹಿನ್ನೆಲೆಗೂ ಹೆಚ್ಚಿನ ಅಂತರವೇ ಉಳಿಯುವುದಿಲ್ಲ. ಜುಲೈನಲ್ಲಿ ಸೂಕ್ಷ್ಮತೆ ತಗ್ಗಿಸಿದ ಸೆನ್ಸರ್ ಮೇ ತಿಂಗಳಲ್ಲಿ ಎದುರಿಗೆ ನಡೆದುಹೋದವನನ್ನೂ ಕಾಣದಿರಬಹುದು. ದಯವಿಟ್ಟು ಬೇಸಿಗೆಯ ಒಂದು ಸಂಜೆ ವಾಕ್ ಟೆಸ್ಟ್ ಮೋಡ್‌ಗೆ ಹಾಕಿ, ನೀವೇ ಸೆನ್ಸರ್‌ಗೆ ಅಡ್ಡಲಾಗಿ ನಡೆದು ದೀಪ ಹತ್ತುತ್ತದೆಯೇ ಎಂದು ನೋಡಿರಿ.

ಸೂಕ್ಷ್ಮತೆಗೆ ಕೈಹಾಕುವ ಮೊದಲು ಸೆನ್ಸರ್‌ನ ಒಳಭಾಗವನ್ನು ನೋಡಬೇಕು. ತಂತಿ ಹೋಗಲು ಬಿಟ್ಟ ತೂತಿನಿಂದ ಇರುವೆ, ಚಿಕ್ಕ ಜೇಡ, ಹಲ್ಲಿಮರಿ ಒಳಗೆ ಸೇರುತ್ತವೆ. ಲೆನ್ಸಿನ ಹಿಂದೆ ಬೆರಳಗಲದ ದೂರದಲ್ಲಿ ಓಡಾಡುವ ಜೇಡ ಸೆನ್ಸರ್‌ನ ಕಣ್ಣಿಗೆ ದೂರದ ಮನುಷ್ಯನಷ್ಟೇ ದೊಡ್ಡದಾಗಿ ಕಾಣುತ್ತದೆ. ಒಣಬಟ್ಟೆಯಿಂದ ಒರೆಸಿ, ಆ ತೂತನ್ನು ಸಿಲಿಕಾನ್ ಅಂಟಿನಿಂದ ಮುಚ್ಚಿ. ಕೀಟನಾಶಕವನ್ನು ಲೆನ್ಸ್ ಮೇಲೆ ಸಿಂಪಡಿಸಬೇಡಿ, ಪ್ಲಾಸ್ಟಿಕ್ ಮಬ್ಬಾಗುತ್ತದೆ.

ಮರುಪ್ರಶ್ನೆ: ಕುಮಟಾ ಕಡೆಯವನು

ಊರಿಗೆ ಬಂದು ಮೂರು ದಿನಗಳಾದವು. ನೀವು ಹೇಳಿದಂತೆ ಮೊದಲು ಲಾಗ್ ಓದಿ ಕಾಗದದ ಮೇಲೆ ಬರೆದುಕೊಂಡೆ. ಒಟ್ಟು 11 ಅಲಾರಂಗಳು ದಾಖಲಾಗಿವೆ. ಅವುಗಳಲ್ಲಿ 7 ಸಲ ಜಗುಲಿಯ ಮತ್ತು ಅಟ್ಟದ ಮೋಷನ್ ಝೋನ್‌ಗಳೆರಡೂ ಒಂದೇ ನಿಮಿಷದಲ್ಲಿ ಅಲಾರಂ ಕೊಟ್ಟಿವೆ, ಮತ್ತು ಏಳೂ ಸಲ ಅದಕ್ಕೆ ನಾಲ್ಕರಿಂದ ಐದು ಗಂಟೆ ಮೊದಲು ಕರೆಂಟು ಹೋದ ದಾಖಲೆ ಇದೆ. ಅದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಬ್ಯಾಟರಿಯ ಅಳತೆ ಕರೆಂಟು ಇರುವಾಗ 13.6 ವೋಲ್ಟ್ ಇತ್ತು. ಎಂಸಿಬಿ ಇಳಿಸಿದ ತಕ್ಷಣ 12.3ಕ್ಕೆ ಇಳಿದು, ನಲವತ್ತು ನಿಮಿಷದಲ್ಲಿ 11.2 ಆಯಿತು. ಕುಮಟಾ ಪೇಟೆಯಿಂದ ಅದೇ ಅಳತೆಯ ಹೊಸ ಬ್ಯಾಟರಿ ತಂದು ಹಾಕಿದ್ದೇನೆ. ಮರುದಿನ ಹಳದಿ ದೀಪ ಆರಿತು.

ಉಳಿದ ನಾಲ್ಕರಲ್ಲಿ ಮೂರು ಸಲ ಬಚ್ಚಲಿನ ಕಡೆಯ ಹಿತ್ತಲ ಬಾಗಿಲಿನ ಝೋನ್ ಒಂದೇ ಕಾರಣವಾಗಿದೆ, ಮತ್ತು ಆ ಮೂರೂ ರಾತ್ರಿ ಗಾಳಿಮಳೆ ಜೋರಾಗಿತ್ತು ಎಂದು ಆಯಿ ನೆನಪಿಸಿಕೊಂಡರು. ಇನ್ನೊಂದು ಸಲ ಅಟ್ಟದ ಸೆನ್ಸರ್ ಮಾತ್ರ. ಹಿತ್ತಲ ಬಾಗಿಲು ಈಗ ಹಿಗ್ಗಿ, ಚಿಲಕ ಹಾಕಿದ ಮೇಲೂ ಮೇಲ್ತುದಿಯಲ್ಲಿ ಚೌಕಟ್ಟಿಗೂ ಬಾಗಿಲಿಗೂ ನಡುವೆ ಸುಮಾರು 20 ಮಿಲಿಮೀಟರ್ ಸಂದು ಉಳಿಯುತ್ತಿದೆ. ಇದನ್ನು ಹೇಗೆ ಸರಿಪಡಿಸಲಿ? ತಂತಿಯಲ್ಲೂ ದೋಷವಿದೆಯೇ ಎಂದು ತಿಳಿಯುವ ಬಗೆ ಯಾವುದು?

ಉತ್ತರ: ಶಿರಸಿಯ ತಂತ್ರಜ್ಞ

ಬಹಳ ಅಚ್ಚುಕಟ್ಟಾಗಿ ಮಾಡಿದ್ದೀರಿ. ಹಳೆಯ ಬ್ಯಾಟರಿಯನ್ನು ತೋಟದಲ್ಲೋ ಗುಜರಿಯಲ್ಲೋ ಬಿಡಬೇಡಿ, ಅದರಲ್ಲಿ ಸೀಸವಿದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಮುಗಿದ ಬ್ಯಾಟರಿ ಮನೆಯ ಕಸದೊಂದಿಗೆ ಸೇರದೆ, ಅಧಿಕೃತ ಸಂಗ್ರಹ ಮತ್ತು ಮರುಬಳಕೆಯ ದಾರಿಯಲ್ಲೇ ಹೋಗಬೇಕು. ಮಾರಿದ ಅಂಗಡಿಯವರು ಸಾಮಾನ್ಯವಾಗಿ ಹಳೆಯದನ್ನು ತೆಗೆದುಕೊಂಡು ಬೆಲೆಯಲ್ಲಿ ಸ್ವಲ್ಪ ಬಿಡುತ್ತಾರೆ. ಹೊಸ ಬ್ಯಾಟರಿಯ ಮೇಲೆ ಹಾಕಿದ ದಿನಾಂಕವನ್ನು ಮಾರ್ಕರ್‌ನಲ್ಲಿ ಬರೆದಿಡಿ.

ಹಿತ್ತಲ ಬಾಗಿಲಿಗೆ ಬರೋಣ. ಚೌಕಟ್ಟಿನ ಮೇಲಿರುವ ಭಾಗದೊಳಗೆ ಗಾಜಿನ ಕೊಳವೆಯಲ್ಲಿ ಎರಡು ತೆಳು ಲೋಹದ ನಾಲಗೆಗಳಿವೆ; ಬಾಗಿಲಿನ ಮೇಲಿನ ಆಯಸ್ಕಾಂತ ಹತ್ತಿರವಿದ್ದರೆ ಅವು ಕೂಡಿಕೊಳ್ಳುತ್ತವೆ, ದೂರವಾದರೆ ಬಿಡುತ್ತವೆ. ಸಾಮಾನ್ಯ ಸೆನ್ಸರ್‌ಗಳು 15ರಿಂದ 20 ಮಿಲಿಮೀಟರ್‌ವರೆಗೆ ಮಾತ್ರ ಕೆಲಸ ಮಾಡುತ್ತವೆ, ಪಕ್ಕದಲ್ಲಿ ಕಬ್ಬಿಣದ ಅಗುಳಿ ಅಥವಾ ಪಟ್ಟಿ ಇದ್ದರೆ ಆ ದೂರ ಇನ್ನಷ್ಟು ಕಡಿಮೆಯಾಗುತ್ತದೆ. ನಿಮ್ಮ ಬಾಗಿಲು ಸರಿಯಾಗಿ ಅಂಚಿನಲ್ಲಿ ನಿಂತಿದೆ. ಗಾಳಿ ಒಂದಿಷ್ಟು ಅಲುಗಾಡಿಸಿದರೆ ನಾಲಗೆ ಬಿಡುತ್ತದೆ. ಈಗ ಬಾಗಿಲನ್ನು ಹತ್ತರಿ ಹಾಕಿ ಕೆತ್ತಿಸಬೇಡಿ. ಹಿಗ್ಗಿದ ಮರವನ್ನು ಈಗ ಕೆತ್ತಿದರೆ ಬೇಸಿಗೆಯಲ್ಲಿ ಬಿರುಕಿನಷ್ಟು ಸಂದು ಬೀಳುತ್ತದೆ. ಆಯಸ್ಕಾಂತದ ಕೆಳಗೆ ಸಣ್ಣ ಮರದ ಚಕ್ಕೆಯಿಟ್ಟು ಅದನ್ನು ಮುಂದಕ್ಕೆ ತನ್ನಿ, ಅಥವಾ ಗೇಟು ಮತ್ತು ಶಟರ್‌ಗಳಿಗೆ ಬಳಸುವ, ಹೆಚ್ಚು ಅಂತರದಲ್ಲೂ ಕೆಲಸ ಮಾಡುವ ದೊಡ್ಡ ಸೆನ್ಸರ್ ಹಾಕಿ. ಬೆಲೆ ಹೆಚ್ಚಲ್ಲ, ಮತ್ತು ಮರದ ಬಾಗಿಲಿರುವ ಮನೆಗಳಿಗೆ ಮೊದಲೇ ಇದನ್ನು ಹಾಕಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ತಂತಿಯ ಪರೀಕ್ಷೆಗೆ, ಕರೆಂಟು ಮತ್ತು ಬ್ಯಾಟರಿ ಎರಡನ್ನೂ ಬಿಡಿಸಿ, ಪ್ಯಾನಲ್‌ನಿಂದ ಆ ಝೋನ್‌ನ ಎರಡು ತಂತಿಗಳನ್ನು ಹೊರತೆಗೆದು, ಬಾಗಿಲು ಮುಚ್ಚಿಟ್ಟು, ಮೀಟರ್ ಅನ್ನು ಓಮ್‌ಗೆ ಇಟ್ಟು ಅಳೆಯಿರಿ. ಸಾಲಿನ ಕೊನೆಯಲ್ಲಿ ಒಂದು ರೆಸಿಸ್ಟರ್ (ವಿದ್ಯುತ್ತಿನ ಹರಿವನ್ನು ತಡೆಯುವ ಚಿಕ್ಕ ಬಿಡಿಭಾಗ) ಇರುತ್ತದೆ. ಕಂಪನಿಗೆ ತಕ್ಕಂತೆ ಅದರ ಓಮ್ ಸಂಖ್ಯೆ ಬೇರೆ: ಕೆಂಪು, ಕೆಂಪು, ಕೆಂಪು ಪಟ್ಟಿಗಳಿದ್ದರೆ 2.2 ಕಿಲೋ ಓಮ್. ಹಳದಿ, ನೇರಳೆ, ಕೆಂಪು ಇದ್ದರೆ 4.7, ಹಸಿರು, ನೀಲಿ, ಕೆಂಪು ಇದ್ದರೆ 5.6. ಮೀಟರ್ ಆ ಸಂಖ್ಯೆಯ ಆಸುಪಾಸಿನಲ್ಲಿ ಅಲುಗದೆ ನಿಂತರೆ ತಂತಿ ಸರಿಯಿದೆ. ಅದಕ್ಕಿಂತ ಕಡಿಮೆ ತೋರಿಸಿದರೆ ಎಲ್ಲೋ ತೇವವು ಎರಡು ತಂತಿಗಳ ನಡುವೆ ಸೇತುವೆ ಕಟ್ಟಿದೆ. ಹೆಚ್ಚು ತೋರಿಸಿದರೆ, ಅಥವಾ ತಂತಿಯನ್ನು ಅಲುಗಿಸಿದಾಗ ಸಂಖ್ಯೆ ಏರಿಳಿದರೆ, ಯಾವುದೋ ಜೋಡಣೆಯ ತಾಮ್ರ ಕೊಳೆತಿದೆ. ಸಾಧ್ಯವಾದರೆ ಈ ಅಳತೆಯನ್ನು ಜಡಿಮಳೆಯ ಮುಂಜಾನೆಯೊಮ್ಮೆ, ಹೊಳವಾದ ದಿನವೊಮ್ಮೆ ಮಾಡಿ ಹೋಲಿಸಿ ನೋಡಿ. ರೆಸಿಸ್ಟರ್ ಬಾಗಿಲಿನ ತುದಿಯಲ್ಲಿರದೆ ಪ್ಯಾನಲ್‌ನ ಪೆಟ್ಟಿಗೆಯೊಳಗೇ ಕೂತಿರುವುದೂ ಉಂಟು. ಹಾಗಿದ್ದರೆ ನಡುವಿನ ತಂತಿಯನ್ನು ಯಾರಾದರೂ ಕೂಡಿಸಿಬಿಟ್ಟರೂ ಪ್ಯಾನಲ್‌ಗೆ ತಿಳಿಯುವುದಿಲ್ಲ. ಅದನ್ನು ಸೆನ್ಸರ್‌ನ ತುದಿಗೇ ಸಾಗಿಸಿಬಿಡಿ.

ಡಯಲರ್‌ನ ಕಡೆಗೂ ಗಮನ ಕೊಡಿ. ಅದರ ಸಿಮ್‌ಗೆ ಕಾಲಕಾಲಕ್ಕೆ ರೀಚಾರ್ಜ್ ಆಗುತ್ತಿದೆಯೇ ಎಂದು ನೋಡಿ, ಇಲ್ಲವಾದರೆ ಕಷ್ಟದ ರಾತ್ರಿಯೇ ಕರೆ ಹೋಗುವುದಿಲ್ಲ. ಹಳೆಯ ಡಯಲರ್‌ಗಳಲ್ಲಿ ಬಹಳಷ್ಟು 2ಜಿ ಮಾತ್ರ ಬಲ್ಲವು. 2ಜಿ ಸೇವೆ ಇಲ್ಲದ ಕಂಪನಿಯ ಸಿಮ್ ಅವುಗಳಲ್ಲಿ ಕೆಲಸ ಮಾಡುವುದಿಲ್ಲ.

ಉತ್ತರ: ಯಲ್ಲಾಪುರದ ಗೃಹಿಣಿ

ನಾವು ತೋಟದ ಮನೆಯವರು. ಚಾಲಿ ಅಡಿಕೆ ಮತ್ತು ಕಾಳುಮೆಣಸು ಮನೆಯಲ್ಲಿರುವ ತಿಂಗಳುಗಳಲ್ಲಿ ಅಲಾರಂ ಇಲ್ಲದೆ ನಿದ್ದೆ ಬಾರದು ಎಂಬ ಸ್ಥಿತಿ ನಮ್ಮದು. ಆದ್ದರಿಂದ ಹಿರಿಯರು ದಿನನಿತ್ಯ ಅದನ್ನು ಬಳಸುವ ಬಗ್ಗೆ ನಾಲ್ಕು ಮಾತು ಸೇರಿಸಬೇಕೆನಿಸಿತು.

ನಮ್ಮ ಅತ್ತೆಯವರು ಮೊದಲು ಕೀಪ್ಯಾಡ್ ಎಂದರೆ ಹೆದರುತ್ತಿದ್ದರು. ತಪ್ಪು ಒತ್ತಿದರೆ ಊರೆಲ್ಲ ಏಳುತ್ತದೆ ಎಂಬ ಅಂಜಿಕೆ ಅವರದಾಗಿತ್ತು. ಝೋನ್ ಸಂಖ್ಯೆಗಳ ಎದುರು ಹೆಬ್ಬಾಗಿಲು, ಹಿತ್ತಲು, ಅಟ್ಟ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೀಪ್ಯಾಡ್ ಪಕ್ಕದಲ್ಲಿ ಅಂಟಿಸಿದ ಮೇಲೆ ಅವರೇ ಎಲ್ಲರಿಗಿಂತ ಚೆನ್ನಾಗಿ ಬಳಸತೊಡಗಿದರು. ರಾತ್ರಿ ಮನೆಯಲ್ಲೇ ಇರುವಾಗ ಸ್ಟೇ ಮೋಡ್ ಒತ್ತಿದರೆ ಬಾಗಿಲುಗಳು ಕಾವಲಿನಲ್ಲಿದ್ದು, ಒಳಗಿನ ಮೋಷನ್ ಸೆನ್ಸರ್‌ಗಳು ಸುಮ್ಮನಿರುತ್ತವೆ. ನಿಮ್ಮಲ್ಲಿ ಜಗುಲಿ ಮತ್ತು ಅಟ್ಟದ ಸೆನ್ಸರ್‌ಗಳು ರಾತ್ರಿಯೂ ಎಚ್ಚರವಾಗಿರುವಂತೆ ಇಟ್ಟಿದ್ದಾರೆ ಎಂದು ತೋರುತ್ತದೆ. ಜಗುಲಿಯದು ಇರಲಿ. ಅಟ್ಟದಲ್ಲಿ ಬಾವಲಿ ಹಾರಾಡುವುದು ಹೆಂಚಿನ ಮನೆಗಳಲ್ಲಿ ಸಾಮಾನ್ಯವಾದ್ದರಿಂದ, ಅವು ಬರುವ ಕಿಂಡಿಗೆ ಬಲೆ ಹೊಡೆಸುವವರೆಗೆ ಆ ಒಂದು ಝೋನ್ ಅನ್ನು ಮಾತ್ರ ಬೈಪಾಸ್ ಮಾಡಿಡಿ. ಪೂರ್ತಿ ವ್ಯವಸ್ಥೆಯನ್ನು ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು.

ಸೈರನ್ ಎಷ್ಟು ಹೊತ್ತು ಕೂಗಬೇಕು ಎಂಬುದನ್ನೂ ಪ್ಯಾನಲ್‌ನಲ್ಲಿ ನಿಗದಿ ಮಾಡಬಹುದು. ನಮ್ಮದನ್ನು ನಾಲ್ಕು ನಿಮಿಷಕ್ಕೆ ಇಟ್ಟಿದ್ದೇವೆ. ಹತ್ತಿರದಿಂದ ಸುಮಾರು 110 ಡೆಸಿಬಲ್ ಸದ್ದು ಮಾಡುವ ಸೈರನ್ ಹದಿನೈದು ನಿಮಿಷ ಕೂಗಿದರೆ ವಯಸ್ಸಾದವರ ಎದೆ ನಡುಗುತ್ತದೆ, ನೆರೆಯವರ ಸಹನೆಯೂ ತೀರುತ್ತದೆ. ನೆರೆಮನೆಯವರಲ್ಲಿ ನೀವೇ ಹೋಗಿ, ದೋಷ ಏನಿತ್ತು, ಏನು ಸರಿಪಡಿಸಿದ್ದೀರಿ ಎಂದು ಹೇಳಿ ಬನ್ನಿ. ಇನ್ನು ಮುಂದೆ ಕೂಗಿದರೆ ಮೊದಲು ಫೋನ್ ಮಾಡಿ, ಉತ್ತರ ಬಾರದಿದ್ದರೆ 112ಕ್ಕೆ ಕರೆ ಮಾಡಿ ಎಂದು ಕೇಳಿಕೊಳ್ಳಿ. ಕತ್ತಲಲ್ಲಿ ಒಬ್ಬರೇ ಓಡಿಬರುವುದು ಅವರಿಗೂ ಕ್ಷೇಮವಲ್ಲ. ಯಾರಾದರೂ ಎದುರಿಗೆ ನಿಂತು ಬೆದರಿಸಿ ಅಲಾರಂ ಆರಿಸಲು ಹೇಳಿದರೆ ಒತ್ತುವ ಬೇರೊಂದು ಕೋಡ್ ಹಲವು ಪ್ಯಾನಲ್‌ಗಳಲ್ಲಿದೆ. ಅದು ಸೈರನ್ ಆರಿಸಿದಂತೆ ತೋರಿಸಿ, ಸದ್ದಿಲ್ಲದೆ ನಿಮ್ಮ ಮೊಬೈಲಿಗೆ ಸಂದೇಶ ಕಳುಹಿಸುತ್ತದೆ. ನಿಮ್ಮದರಲ್ಲಿ ಇದ್ದರೆ ಅದನ್ನು ಅಪ್ಪಯ್ಯನಿಗೂ ಆಯಿಗೂ ಕಲಿಸಿ, ಎರಡು ಸಲ ಅವರ ಕೈಯಿಂದಲೇ ಒತ್ತಿಸಿ ನೋಡಿ.

ಕೊನೆಯದಾಗಿ ಸಿಡಿಲಿನ ವಿಷಯ. ಏಪ್ರಿಲ್, ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗುಮಳೆಗಳಲ್ಲಿ ಒಂದಕ್ಕೆ ನಮ್ಮ ಮೊದಲ ಪ್ಯಾನಲ್ ಸುಟ್ಟುಹೋಯಿತು. ಮನೆಯಿಂದ ಅಡಿಕೆಯ ಕೋಣೆಗೆ ನಲವತ್ತು ಮೀಟರ್ ಗಾಳಿಯಲ್ಲಿ ಎಳೆದಿದ್ದ ಸೆನ್ಸರ್ ತಂತಿಯೇ ಸಿಡಿಲಿನ ಆಘಾತವನ್ನು ಒಳಗೆ ತಂದಿತ್ತು. ಈಗ ಅಲ್ಲಿಗೆ ವೈರ್‌ಲೆಸ್ ಸೆನ್ಸರ್ ಹಾಕಿದ್ದೇವೆ, ಸ್ವಿಚ್‌ಬೋರ್ಡ್‌ನಲ್ಲಿ ಸರ್ಜ್ ಪ್ರೊಟೆಕ್ಟರ್ ಇದೆ, ಮತ್ತು ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ನೀರು ಹಾಕುತ್ತೇವೆ. ನಮ್ಮ ಕೆಂಪು ಕಲ್ಲಿನ ನೆಲ ಒಣಗಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ.

ಮರುನುಡಿ: ಕುಮಟಾ ಕಡೆಯವನು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಿತ್ತಲ ಬಾಗಿಲಿನ ಸಾಲಿನಲ್ಲಿ 2.2 ಕಿಲೋ ಓಮ್ ಇರಬೇಕಾದಲ್ಲಿ, ತಂತಿ ಅಲುಗಿಸಿದಾಗ ಮೀಟರ್ 2ರಿಂದ 9ರವರೆಗೆ ಏರಿಳಿಯಿತು. ಬಚ್ಚಲಿನ ಗೋಡೆಯ ಮೇಲೆ, ಪಕಾಸಿನ ಹಿಂದೆ ಟೇಪ್ ಸುತ್ತಿದ ಜೋಡಣೆ ಸಿಕ್ಕಿತು. ಬಿಚ್ಚಿದರೆ ತಾಮ್ರ ಪೂರ್ತಿ ಹಸಿರಾಗಿ, ಮೂರು ಎಳೆ ಮಾತ್ರ ಉಳಿದಿತ್ತು. ಅಂದರೆ ಆ ಬಾಗಿಲಿಗೆ ಎರಡು ದೋಷಗಳಿದ್ದವು. ಅದನ್ನು ಕತ್ತರಿಸಿ ಬೆಸುಗೆ ಹಾಕಿ, ದೊಡ್ಡ ಅಂತರದ ಸೆನ್ಸರ್ ಕೂರಿಸಿದ್ದೇನೆ. ಜಗುಲಿಯ ಸೆನ್ಸರ್‌ನೊಳಗೆ ಇರುವೆಗಳ ಮೊಟ್ಟೆಗಳಿದ್ದವು, ಶುಚಿ ಮಾಡಿ ತೂತನ್ನು ಮುಚ್ಚಿದೆ. ಡಯಲರ್‌ನ ಸಿಮ್‌ನ ಅವಧಿ ಮುಗಿಯಲು ಐದು ದಿನ ಮಾತ್ರ ಉಳಿದಿತ್ತು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಹೋದ ಕರೆಂಟು ಬೆಳಿಗ್ಗೆ ಏಳಕ್ಕೆ ಬಂತು; ಸೈರನ್ ಕೂಗಲಿಲ್ಲ, ಬ್ಯಾಟರಿ ಬೆಳಿಗ್ಗೆ 12.4 ತೋರಿಸುತ್ತಿತ್ತು. ನಿನ್ನೆ ಅಪ್ಪಯ್ಯ ತಾವೇ ಸ್ಟೇ ಮೋಡ್ ಒತ್ತಿ ಮಲಗಿದರು. ಅಟ್ಟದ ಝೋನ್ ಸದ್ಯಕ್ಕೆ ಬೈಪಾಸ್‌ನಲ್ಲಿದೆ. ಮಳೆ ಹೊಳವಾದ ಮೇಲೆ ಹೆಂಚು ಸರಿಮಾಡುವವರನ್ನು ಕರೆಸಿ ಬಾವಲಿಯ ಕಿಂಡಿಗೆ ಬಲೆ ಹೊಡೆಸಬೇಕಾಗಿದೆ.